ಪಹಣಿ ಯಾರ ಕೈಯಲ್ಲಿ?

ನಾಶಿಕ, ಸಂಭಾಜಿನಗರಗಳಲ್ಲಿ ನೆಲೆಸಿದ ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಇನ್ನೂ ತುಂಡು ಹೊಲವುಂಟು. ಅದರ ಪಹಣಿಗಾಗಿ ರಜೆ ಹಾಕಿ ಹೋಗಿ ಗ್ರಾಮಲೆಕ್ಕಿಗರ ಬಾಗಿಲು ಕಾಯುತ್ತಿದ್ದೆವು. ವಂಶಪಾರಂಪರ್ಯದ ಶಾನುಭೋಗಿಕೆ 1961ರ ಕಾಯಿದೆಯಿಂದ ಹೋದರೂ ದಫ್ತರದ ದರ್ಬಾರು ಹೋಗಿರಲಿಲ್ಲ. 2002ರ ಹೊತ್ತಿಗೆ ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಸೇರಿಸಿ, ಕೈಬರಹದ ಪ್ರತಿಯನ್ನು ರದ್ದುಮಾಡಿತು. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿಗೆ ಪ್ರತಿ! ಬೆಳೆಸಾಲಕ್ಕೆ ಹೊರಟ ರೈತ ಇದಕ್ಕಾಗಿ ಗೌಡರ ಶಿಫಾರಸು ಹಿಡಿಯಬೇಕಾಗಲಿಲ್ಲ. ಊರಿನ ಯಜಮಾನಿಕೆಗೆ ಅದು ಸಣ್ಣ ಪೆಟ್ಟಲ್ಲ. ಆದರೆ ಆ ಅಧಿಕಾರ ರೈತನಿಗೆ ಬರಲಿಲ್ಲ, ತಾಲ್ಲೂಕಿಗೆ ಹೋಯಿತು. ಖಾತೆ ಬದಲಾವಣೆಗೆ ಆಗಲೂ ಅಧಿಕಾರಿಯ ಒಪ್ಪಿಗೆಯೇ ಬೇಕಿತ್ತು (ಗುಮಾಸ್ತರಾದ ನಾವೇ ಇದನ್ನು ಹೇಳುತ್ತಿದ್ದೇವೆ). 2004ರಲ್ಲಿ ಎಸ್. ಎಂ. ಕೃಷ್ಣ ಅವರ ಕಾಂಗ್ರೆಸ್ ಬಹುಮತ ಕಳೆದುಕೊಂಡಿತು. ಬರಗಾಲದಲ್ಲಿ ಬೆಂದ ಮತದಾರನಿಗೆ ಪಹಣಿಯ ಕಿಂಡಿಯೊಂದೇ ಸಾಲಲಿಲ್ಲ. ಈಗ ನಾಶಿಕದಲ್ಲೇ ಕುಳಿತು ಪಹಣಿ ನೋಡುತ್ತೇವೆ. ಹೆಸರು ತಪ್ಪಾಗಿ ಕಂಡರೆ ಮಾತ್ರ ಮತ್ತೆ ರಜೆಯ ಅರ್ಜಿ ಬರೆಯುತ್ತೇವೆ.