ಮೊದಲು ಯಾವ ಮದ್ದು? ಮೆಲನೋಮಾ ಚಿಕಿತ್ಸೆಯ ಇನ್ನೂರು ವರ್ಷ

2015ರ ಆಗಸ್ಟ್ 20ರಂದು ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅಟ್ಲಾಂಟಾದಲ್ಲಿ ಪತ್ರಕರ್ತರ ಮುಂದೆ ಕುಳಿತರು. ಆಗ ಅವರಿಗೆ 90 ವರ್ಷ. ಯಕೃತ್ತಿನಲ್ಲಿದ್ದ ಮೆಲನೋಮಾ ಗಡ್ಡೆಯನ್ನು ತೆಗೆದಾಗಿದೆ, ಆದರೆ ಮಿದುಳಿನಲ್ಲೂ ನಾಲ್ಕು ಸಣ್ಣ ಗಂಟುಗಳು ಕಂಡಿವೆ ಎಂದು ನಗುಮುಖದಲ್ಲೇ ಹೇಳಿದರು. ವಿಷಯ ಗೊತ್ತಾದ ಮೇಲೂ ಕೆಲವು ದಿನ ಹೆಂಡತಿ ರೋಸಲಿನ್‌ಗೆ ಹೇಳಿರಲಿಲ್ಲ ಎಂದೂ ಒಪ್ಪಿಕೊಂಡರು. ಅವರ ಮದುವೆಗೆ ಆಗ 69 ವರ್ಷ ತುಂಬಿತ್ತು.

ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವ ಈ ಕ್ಯಾನ್ಸರ್ ದೇಹದಲ್ಲೆಲ್ಲ ಹರಡಿದೆ ಎಂದು ಕೇಳಿದಾಗ ಗಂಡನೋ ಹೆಂಡತಿಯೋ ಮೊದಲು ಕೇಳುವುದು ಒಂದೇ ಮಾತು: ಮುಂದೇನು? ಬಹುಕಾಲ ಈ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ಈಗ ಉತ್ತರಗಳು ಹಲವು ಇವೆ, ಕಷ್ಟ ಇರುವುದು ಅವುಗಳಲ್ಲಿ ಒಂದನ್ನು ಆರಿಸುವುದರಲ್ಲಿ.

ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ 1787ರಲ್ಲಿ ಒಬ್ಬ ರೋಗಿಯ ದವಡೆಯ ಬಳಿಯಿಂದ ಕಪ್ಪು ಗಡ್ಡೆಯೊಂದನ್ನು ಕತ್ತರಿಸಿ ತೆಗೆದ. ಅದು ಮೆಲನೋಮಾ ಎಂದು ಅವನಿಗೆ ತಿಳಿಯುವಂತಿರಲಿಲ್ಲ. ಸ್ಟೆತೊಸ್ಕೋಪ್ ಕಂಡುಹಿಡಿದು ಹೆಸರಾದ ಫ್ರಾನ್ಸಿನ ರೆನೆ ಲೆನೆಕ್ 1804ರಲ್ಲಿ ಇದನ್ನು ಬೇರೆಯೇ ಕಾಯಿಲೆಯೆಂದು ಗುರುತಿಸಿದ. 1907ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಯಾಂಪ್ಸನ್ ಹ್ಯಾಂಡ್ಲಿ, ಗಡ್ಡೆಯ ಸುತ್ತಲಿನ ಚರ್ಮವನ್ನು ಅಗಲವಾಗಿ ಕತ್ತರಿಸಬೇಕು ಎಂದು ಸಾರಿದ. ಅವನ ಆಧಾರ ಒಬ್ಬ ರೋಗಿಯ ಶವಪರೀಕ್ಷೆ ಮಾತ್ರ. ಆದರೂ ಮುಂದಿನ ಹಲವು ದಶಕ ಆ ಮಾತೇ ನಿಯಮವಾಗಿ ನಿಂತಿತು. ಕತ್ತಿ ಉಳಿಸಿದ್ದು ಬೇಗ ಬಂದವರನ್ನು. ಕಾಯಿಲೆ ಯಕೃತ್ತಿಗೋ ಶ್ವಾಸಕೋಶಕ್ಕೋ ದಾಟಿದವರಿಗೆ ಅದರಿಂದ ಹೆಚ್ಚು ಪ್ರಯೋಜನವಾಗಲಿಲ್ಲ.

1975ರಲ್ಲಿ ಅಮೆರಿಕದಲ್ಲಿ ಡಕಾರ್ಬಜಿನ್ ಎಂಬ ಕೀಮೋಥೆರಪಿ ಮದ್ದಿಗೆ ಒಪ್ಪಿಗೆ ಸಿಕ್ಕಿತು. ಕೆಲವರಲ್ಲಿ ಗಡ್ಡೆ ಸಣ್ಣದಾಗುತ್ತಿತ್ತು, ಆದರೆ ಆಯುಸ್ಸು ಹೆಚ್ಚುತ್ತದೆ ಎಂಬುದು ಯಾವ ಪ್ರಯೋಗದಲ್ಲೂ ಸಾಬೀತಾಗಲಿಲ್ಲ. ಮೂರೂವರೆ ದಶಕ ಕಳೆದರೂ ಹೊಸ ಮದ್ದುಗಳನ್ನು ಇದರೊಂದಿಗೇ ಹೋಲಿಸಬೇಕಾಗಿತ್ತು.

ನಿಜವಾದ ಇಕ್ಕಟ್ಟು ಶುರುವಾದದ್ದು ಇಂಟರ್‌ಲ್ಯೂಕಿನ್-2ರಿಂದ. ಸ್ಟೀವನ್ ರೋಸೆನ್‌ಬರ್ಗ್ ಸರಕಾರಿ ಸಂಶೋಧನಾ ಸಂಸ್ಥೆಯೊಂದರಲ್ಲಿ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎತ್ತಿಕಟ್ಟಲು ವರ್ಷಗಟ್ಟಲೆ ಹೆಣಗಿದ್ದರು. ಸೋಲಿನ ಮೇಲೆ ಸೋಲು ಕಂಡ ಬಳಿಕ, 1984ರ ಕೊನೆಯಲ್ಲಿ ಚಿಕಿತ್ಸೆ ಪಡೆದ ನೌಕಾಪಡೆಯ ಮಹಿಳಾ ಅಧಿಕಾರಿಯೊಬ್ಬರ ಮೆಲನೋಮಾ ಪೂರ್ತಿ ಮಾಯವಾಯಿತು. 1998ರಲ್ಲಿ ಹರಡಿದ ಮೆಲನೋಮಾಕ್ಕೆ ಈ ಮದ್ದಿಗೆ ಒಪ್ಪಿಗೆ ಸಿಕ್ಕಿತು. ಅದಕ್ಕೆ ಆಧಾರವಾದ 270 ರೋಗಿಗಳಲ್ಲಿ ಗಡ್ಡೆ ಕುಗ್ಗಿದ್ದು ಶೇ. 16 ಮಂದಿಗೆ, ಪೂರ್ತಿ ಮಾಯವಾದದ್ದು ಶೇ. 6 ಮಂದಿಗೆ, ಚಿಕಿತ್ಸೆಯಿಂದಲೇ ಸತ್ತವರು ಶೇ. 2. ರಕ್ತದೊತ್ತಡ ಕುಸಿದು, ಮೈ ಊದಿ, ತೀವ್ರ ನಿಗಾದಲ್ಲಿ ಮಲಗಬೇಕಾಗುತ್ತಿತ್ತು. ನೂರರಲ್ಲಿ ಆರರ ಆಸೆಗೆ ಕಟ್ಟಿಕೊಂಡವರನ್ನು ಅಲ್ಲಿಗೆ ಕಳಿಸಬೇಕೇ? ಪಕ್ಕದಲ್ಲಿ ಕುಳಿತವರಿಗೆ ಲೆಕ್ಕದಿಂದ ಉತ್ತರ ಸಿಗುತ್ತಿರಲಿಲ್ಲ.

2011ರಲ್ಲಿ ಒಂದೇ ವರ್ಷ ಎರಡು ಬಾಗಿಲು ತೆರೆದವು. ಮೆಲನೋಮಾ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಬಿಆರ್‌ಎಎಫ್ ಎಂಬ ಜೀನ್ ಕೆಟ್ಟಿರುತ್ತದೆ ಎಂದು 2002ರಲ್ಲೇ ತಿಳಿದಿತ್ತು. ಆ ಜೀನಿನ ಕೆಲಸಕ್ಕೆ ತಡೆಯೊಡ್ಡುವ ಗುಳಿಗೆ ವೆಮುರಾಫೆನಿಬ್. ಇನ್ನೊಂದು ಇಪಿಲಿಮುಮ್ಯಾಬ್, ರೋಗನಿರೋಧಕ ಕೋಶಗಳ ಬ್ರೇಕನ್ನು ಸಡಿಲಿಸುವ ಚುಚ್ಚುಮದ್ದು. 2014ರಲ್ಲಿ ಮತ್ತೊಂದು ಬ್ರೇಕನ್ನು ಬಿಡಿಸುವ ಪೆಂಬ್ರೊಲಿಜುಮ್ಯಾಬ್ ಮತ್ತು ನಿವೊಲುಮ್ಯಾಬ್ ಬಂದವು. ಈ ಬ್ರೇಕುಗಳ ಶೋಧಕ್ಕೆ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಸಂದಿತು.

ಆಯ್ಕೆ ಹೆಚ್ಚಿದಂತೆ ತೂಗುವುದೂ ಹೆಚ್ಚಿತು. ಇಪಿಲಿಮುಮ್ಯಾಬ್ ಮತ್ತು ನಿವೊಲುಮ್ಯಾಬ್ ಜೊತೆಗೆ ಕೊಟ್ಟ ದೊಡ್ಡ ಪ್ರಯೋಗದಲ್ಲಿ ಹತ್ತು ವರ್ಷದ ನಂತರ ಬದುಕಿದ್ದವರು ಶೇ. 43, ನಿವೊಲುಮ್ಯಾಬ್ ಒಂದನ್ನೇ ಪಡೆದವರಲ್ಲಿ ಶೇ. 37. ಆದರೆ ಎರಡನ್ನೂ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ತೀವ್ರ ಅಡ್ಡಪರಿಣಾಮ: ಕೆರಳಿದ ನಿರೋಧಕ ಶಕ್ತಿ ಕರುಳು, ಯಕೃತ್ತು, ಗ್ರಂಥಿಗಳ ಮೇಲೂ ಬೀಳುತ್ತದೆ. ಬಿಆರ್‌ಎಎಫ್ ಕೆಟ್ಟವರಿಗೆ ಗುಳಿಗೆ ಮೊದಲೋ ಚುಚ್ಚುಮದ್ದು ಮೊದಲೋ? 2021ರಲ್ಲಿ ಹೊರಬಂದ ಪ್ರಯೋಗದಲ್ಲಿ ಚುಚ್ಚುಮದ್ದಿನಿಂದ ಶುರುಮಾಡಿದವರಲ್ಲಿ ಎರಡು ವರ್ಷಕ್ಕೆ ಶೇ. 71.8 ಮಂದಿ ಉಳಿದಿದ್ದರೆ, ಗುಳಿಗೆಯಿಂದ ಶುರುಮಾಡಿದವರಲ್ಲಿ ಶೇ. 51.5. ಮೊದಲ ತಿಂಗಳುಗಳಲ್ಲಿ ಮಾತ್ರ ಗುಳಿಗೆಯದೇ ಮೇಲುಗೈ, ಏಕೆಂದರೆ ಅದು ಬೇಗ ಹಿಡಿಯುತ್ತದೆ. ಆದ್ದರಿಂದ ಉಸಿರಿಗೆ ತಡಕಾಡುತ್ತಿರುವ ರೋಗಿಯ ಪಕ್ಕದಲ್ಲಿ ಇಂದಿನ ಉಸಿರು ಮತ್ತು ಮುಂದಿನ ವರ್ಷಗಳನ್ನು ಒಂದೇ ತಕ್ಕಡಿಯಲ್ಲಿ ಇಡಬೇಕಾಗುತ್ತದೆ.

ಭಾರತದಲ್ಲಿ ಮೆಲನೋಮಾ ಅಪರೂಪ. ನಮ್ಮಲ್ಲಿ ಅದು ಬಿಸಿಲು ಕಾಣದ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ ಕಾಣುವುದು ಹೆಚ್ಚು. ಆಣಿ ಎಂದೋ, ಮುಳ್ಳು ಚುಚ್ಚಿದ ಗಾಯವೆಂದೋ ತಿಂಗಳುಗಟ್ಟಲೆ ಕಳೆದುಹೋಗುತ್ತವೆ. ಈ ಬಗೆಯಲ್ಲಿ ಬಿಆರ್‌ಎಎಫ್ ಕೆಟ್ಟಿರುವುದು ಕಡಿಮೆ, ಚುಚ್ಚುಮದ್ದಿನ ಫಲವೂ ಸಾಮಾನ್ಯವಾಗಿ ಕಡಿಮೆ. ಹೊರದೇಶದ ಅಂಕಿಗಳನ್ನು ಹಾಗೇ ನಮ್ಮ ಮನೆಯವರಿಗೆ ಅನ್ವಯಿಸಲಾಗದು. ಅದರ ಮೇಲೆ ಮದ್ದಿನ ಬೆಲೆ. ಮನೆ ಮಾರಿಯಾದರೂ ಕೊಡಿಸುತ್ತೇನೆ ಎನ್ನುವವರು, ಮಕ್ಕಳಿಗೆ ಉಳಿಯಲಿ ಬಿಡು ಎನ್ನುವ ರೋಗಿ: ಈ ಮಾತುಕತೆಗೆ ಯಾವ ಪ್ರಯೋಗದಲ್ಲೂ ಕೋಷ್ಟಕವಿಲ್ಲ. ಆದರೂ ಜೀನ್ ಪರೀಕ್ಷೆಯಾಗಿದೆಯೇ, ಮೊದಲು ಇದೇ ಏಕೆ, ಫಲಿಸದಿದ್ದರೆ ಮುಂದೇನು, ರೋಗಿಯ ಇಷ್ಟವೇನು ಎಂಬ ನಾಲ್ಕು ಪ್ರಶ್ನೆಗಳನ್ನು ವೈದ್ಯರ ಮುಂದೆ ಇಡಬಹುದು.

ಕಾರ್ಟರ್‌ಗೆ ಮಿದುಳಿಗೆ ವಿಕಿರಣ ಕೊಟ್ಟರು, ಜೊತೆಗೆ ಪೆಂಬ್ರೊಲಿಜುಮ್ಯಾಬ್. ಆ ಮದ್ದಿಗೆ ಒಪ್ಪಿಗೆ ಸಿಕ್ಕಿ ಆಗ ಒಂದು ವರ್ಷವೂ ಆಗಿರಲಿಲ್ಲ. ಡಿಸೆಂಬರಿನಲ್ಲಿ ತಮ್ಮೂರು ಪ್ಲೇನ್ಸ್‌ನ ಚರ್ಚಿನಲ್ಲಿ, ಕ್ಯಾನ್ಸರಿನ ಗುರುತಿಲ್ಲ ಎಂದು ಹೇಳಿದರು. ಎಲ್ಲರಿಗೂ ಹಾಗಾಗುವುದಿಲ್ಲ. ಹತ್ತು ವರ್ಷದ ಅಂಕಿಯಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿದಿಲ್ಲ. ಆದರೆ ಆ ದಂಪತಿಗೆ ಇನ್ನೂ ಎಂಟು ವರ್ಷ ಜೊತೆಯಲ್ಲಿ ದಕ್ಕಿತು. ಮೊದಲು ಹೋದವರು ರೋಸಲಿನ್, 2023ರ ನವೆಂಬರ್ 19ರಂದು. ಕಾರ್ಟರ್ 2024ರ ಡಿಸೆಂಬರ್ 29ರವರೆಗೆ, ನೂರು ತುಂಬಿಸಿ, ಬದುಕಿದ್ದರು.