ಹತ್ತು ತಡೆ, ಹದಿಮೂರು ಸೆಕೆಂಡ್

ಮಹಿಳೆಯರ 100 ಮೀಟರ್ ಹರ್ಡಲ್ಸ್‌ನಲ್ಲಿ 13 ಸೆಕೆಂಡ್‌ನ ಒಳಗೆ ಓಡಿದ ಮೊದಲ ಭಾರತೀಯಳ ಸಮಯ ಅಧಿಕೃತವಾಗಿ ದಾಖಲಾದದ್ದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ. 2022ರ ಅಕ್ಟೋಬರ್ 17ರಂದು ರಾಷ್ಟ್ರೀಯ ಓಪನ್ ಅಥ್ಲೆಟಿಕ್ಸ್ ಕೂಟದಲ್ಲಿ ವಿಶಾಖಪಟ್ಟಣದ ಜ್ಯೋತಿ ಯರ್ರಾಜಿ 12.82 ಸೆಕೆಂಡ್‌ಗಳಲ್ಲಿ ಗುರಿ ಮುಟ್ಟಿದರು. ಈ ಓಟಗಾರ್ತಿ ಕನ್ನಡ ನಾಡಿನವರಲ್ಲ. ಆದರೂ ಅವರ ಬದುಕಿನ ಎರಡು ಮುಖ್ಯ ಓಟಗಳು ನಡೆದದ್ದು ಇಲ್ಲಿನ ಮೈದಾನಗಳಲ್ಲಿ. ಅವರಿಗಿಂತ ಮೊದಲು ಹರ್ಡಲ್ಸ್ ಅಭ್ಯಾಸ ಮಾಡಿದ ಹಲವು ಹೆಣ್ಣುಮಕ್ಕಳೂ ಇಲ್ಲಿಯವರೇ.

ಈ ಓಟ ಲೆಕ್ಕಾಚಾರದ ಓಟ. ಆರಂಭದ ಗೆರೆಯಿಂದ ಮೊದಲ ಹರ್ಡಲ್‌ಗೆ 13 ಮೀಟರ್. ಆಮೇಲೆ 8.5 ಮೀಟರ್‌ಗೆ ಒಂದರಂತೆ ಒಟ್ಟು ಹತ್ತು ತಡೆ, ಕೊನೆಯ ತಡೆಯಿಂದ ಗುರಿಗೆ 10.5 ಮೀಟರ್. ತಡೆಯ ಎತ್ತರ 83.8 ಸೆಂಟಿಮೀಟರ್. ಮೊದಲ ತಡೆಗೆ ಸಾಮಾನ್ಯವಾಗಿ ಎಂಟು ಹೆಜ್ಜೆ, ಎರಡು ತಡೆಗಳ ನಡುವೆ ಮೂರೇ ಹೆಜ್ಜೆ. ನಾಲ್ಕನೆಯ ಹೆಜ್ಜೆ ಬಿದ್ದರೆ ಕಾಲು ಬದಲಾಗಿ ಲಯವೇ ಮುರಿಯುತ್ತದೆ. ಮುಂದಿನ ಕಾಲು ತಡೆಯ ಮೇಲಿನಿಂದ ಚಾಚಿಕೊಂಡು ಹೋಗುವಾಗ ಎದೆ ತೊಡೆಯತ್ತ ಬಾಗುತ್ತದೆ, ಹಿಂದಿನ ಕಾಲು ಮಂಡಿ ಮಡಿಸಿ ಪಕ್ಕದಿಂದ ಬರುತ್ತದೆ. ಗಾಳಿಯಲ್ಲಿರುವಷ್ಟು ಹೊತ್ತು ಓಟಗಾರ್ತಿ ವೇಗ ಕಳೆದುಕೊಳ್ಳುತ್ತಲೇ ಇರುತ್ತಾಳೆ. ಹಾಗಾಗಿ ಇಲ್ಲಿ ಗೆಲ್ಲುವವಳು ಎತ್ತರ ಹಾರುವವಳಲ್ಲ, ಬೇಗ ನೆಲಕ್ಕೆ ಕಾಲಿಡುವವಳು. ತಡೆ ತಗುಲಿ ಬಿದ್ದರೂ ಅದು ತಪ್ಪಲ್ಲ. ತಗುಲಿದ ಪೆಟ್ಟಿಗೆ ಹೋಗುವ ಸಮಯವೇ ಶಿಕ್ಷೆ.

ಇಷ್ಟಕ್ಕೆ ಬೇಕಾದದ್ದು ನೂರು ಮೀಟರ್‌ಗೂ ಮೀರಿದ ನೇರ, ಸಮತಟ್ಟಾದ ನೆಲ. ನಗರದಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ. ಬೆಂಗಳೂರನ್ನೇ ನೋಡಿ: ಒಂದು ಕಾಲಕ್ಕೆ ಊರಾಚೆಯ ಹಳ್ಳಿಯಾಗಿದ್ದ ಕತ್ರಿಗುಪ್ಪೆ ಇಂದು ಬನಶಂಕರಿ ಮೂರನೇ ಹಂತಕ್ಕೆ ಅಂಟಿಕೊಂಡ ಇಕ್ಕಟ್ಟಾದ ಬಡಾವಣೆ. ಅಲ್ಲಿಯ ಹುಡುಗಿ ಸಿಂಥೆಟಿಕ್ ಟ್ರ್ಯಾಕ್ ಮೇಲೆ ಹರ್ಡಲ್ಸ್ ಕಲಿಯಬೇಕೆಂದರೆ ನಗರದ ನಡುವಿನ ಕಂಠೀರವಕ್ಕೋ, ಜ್ಞಾನಭಾರತಿಯಲ್ಲಿರುವ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರಕ್ಕೋ ಹೋಗಬೇಕು. ಮಣ್ಣಿನ ಮೈದಾನದಲ್ಲಿ ವೇಗವಾಗಿ ಓಡುವುದನ್ನು ಕಲಿಯಬಹುದು. ಆದರೆ ಮಳೆಗೊಮ್ಮೆ ಬಿಸಿಲಿಗೊಮ್ಮೆ ನೆಲದ ಗುಣ ಬದಲಾಗುವ ಕಡೆ ಮೂರು ಹೆಜ್ಜೆಯ ಅಳತೆಯನ್ನು ಮೈಗೂಡಿಸಿಕೊಳ್ಳುವುದು ಬಹಳ ಕಷ್ಟ. ಓಟದಲ್ಲಿ ಮುಂದಿದ್ದ ಭಾರತದ ಹೆಣ್ಣುಮಕ್ಕಳು ಹರ್ಡಲ್ಸ್‌ನಲ್ಲಿ ಹಿಂದುಳಿದದ್ದಕ್ಕೆ ಇದು ದೊಡ್ಡ ಕಾರಣ.

ಆರಂಭ ಮಾತ್ರ ತಡವಾಗಿರಲಿಲ್ಲ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಹರ್ಡಲ್ಸ್ 1932ರಲ್ಲಿ ಸೇರಿದಾಗ ಅದು 80 ಮೀಟರ್ ಓಟ, ಎಂಟು ತಡೆಗಳದ್ದು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಹದಿಹರೆಯದ ನೀಲಿಮಾ ಘೋಷ್ ಭಾರತದ ಪರ 100 ಮೀಟರ್ ಓಟದ ಜೊತೆಗೆ ಇದರಲ್ಲೂ ಓಡಿದರು. 1972ರ ಮ್ಯೂನಿಕ್ ಕೂಟದಿಂದ ದೂರ 100 ಮೀಟರ್ ಆಯಿತು, ತಡೆಗಳು ಎತ್ತರವೂ ಆದವು. 400 ಮೀಟರ್ ಹರ್ಡಲ್ಸ್‌ನಲ್ಲಿ ಎಂ.ಡಿ. ವಲ್ಸಮ್ಮ 1982ರ ದೆಹಲಿ ಏಷ್ಯನ್ ಗೇಮ್ಸ್‌ನ ಚಿನ್ನ ಗೆದ್ದರು. ಅದೇ ಸ್ಪರ್ಧೆಯಲ್ಲಿ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪಿ.ಟಿ. ಉಷಾ ಸೆಕೆಂಡ್‌ನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡರು. ದೇಶದ ಕಣ್ಣೆಲ್ಲ ಆ ಸುತ್ತಿನ ಓಟದ ಮೇಲೆ ನೆಟ್ಟಿತು. ನೇರ ಓಟದ ಹರ್ಡಲ್ಸ್ ಬಹುಕಾಲ ಬೇರೆ ಸ್ಪರ್ಧೆಗಳ ಬೆನ್ನಿಗೇ ಅಂಟಿಕೊಂಡಿತ್ತು.

ಕರ್ನಾಟಕದಲ್ಲಿ ಅದು ಉಳಿದದ್ದು ಹೆಪ್ಟಥ್ಲಾನ್‌ನ ಆಸರೆಯಲ್ಲಿ. ಎರಡು ದಿನ, ಏಳು ಸ್ಪರ್ಧೆಗಳ ಈ ಕಠಿಣ ವಿಭಾಗ ಶುರುವಾಗುವುದೇ 100 ಮೀಟರ್ ಹರ್ಡಲ್ಸ್‌ನಿಂದ. ಬೆಂಗಳೂರಿನ ರೀತ್ ಅಬ್ರಹಾಂ ಲಾಂಗ್‌ಜಂಪ್, ಹರ್ಡಲ್ಸ್ ಮತ್ತು ಹೆಪ್ಟಥ್ಲಾನ್ ಮೂರರಲ್ಲೂ ಹೆಸರು ಮಾಡಿ 1997ರ ಅರ್ಜುನ ಪ್ರಶಸ್ತಿ ಪಡೆದರು. ಕೊಡಗಿನ ಪ್ರಮೀಳಾ ಅಯ್ಯಪ್ಪ 2000ದ ಸಿಡ್ನಿ ಮತ್ತು 2008ರ ಬೀಜಿಂಗ್ ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಿ, 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದರು. ಧಾರವಾಡ ಜಿಲ್ಲೆಯ ಪಶುಪತಿಹಾಳದಲ್ಲಿ ಹುಟ್ಟಿದ ಜೆ.ಜೆ. ಶೋಭಾ 2004ರಲ್ಲಿ 6,211 ಅಂಕಗಳ ರಾಷ್ಟ್ರೀಯ ದಾಖಲೆ ಬರೆದು, ಅದೇ ವರ್ಷ ಅಥೆನ್ಸ್‌ನಲ್ಲಿ 11ನೇ ಸ್ಥಾನ ಪಡೆದರು. ಇವರೆಲ್ಲ ಹರ್ಡಲ್ಸ್ ಬಲ್ಲವರೇ. ಆದರೆ ಹೆಪ್ಟಥ್ಲಾನ್‌ನಲ್ಲಿ ಬೇಕಾದದ್ದು ಗೆಲುವಲ್ಲ, ಅಂಕ. ಅಲ್ಲಿ 13.85 ಸೆಕೆಂಡ್ ಓಡಿದರೆ 1,000 ಅಂಕ ಸಿಗುತ್ತದೆ. ಸೆಕೆಂಡ್‌ನ ಹತ್ತನೇ ಒಂದು ಭಾಗ ಉಳಿಸಿದರೆ ಸಿಗುವುದು ಹದಿನಾಲ್ಕೋ ಹದಿನೈದೋ ಅಂಕ. ಅದಕ್ಕಾಗಿ ವರ್ಷಗಟ್ಟಲೆ ಬೆವರು ಸುರಿಸುವುದಕ್ಕಿಂತ ಜಾವೆಲಿನ್‌ನಲ್ಲೋ ಹೈಜಂಪ್‌ನಲ್ಲೋ ಸುಧಾರಿಸಿಕೊಳ್ಳುವುದು ಜಾಣತನ. ಅವರ ಹರ್ಡಲ್ಸ್ ಸಮಯವನ್ನು ಈ ಹಿನ್ನೆಲೆ ಬಿಟ್ಟು ಅಳೆಯುವುದು ಅನ್ಯಾಯ.

ಹರ್ಡಲ್ಸ್‌ಗೇ ಮೀಸಲಾದವರಲ್ಲಿ ಒಡಿಶಾದ ಅನುರಾಧಾ ಬಿಸ್ವಾಲ್ ಮುಖ್ಯರು. 2002ರಲ್ಲಿ ದೆಹಲಿಯಲ್ಲಿ ಅವರು ಓಡಿದ 13.38 ಸೆಕೆಂಡ್‌ನ ದಾಖಲೆ ಸುಮಾರು 20 ವರ್ಷ ಅಲುಗಲಿಲ್ಲ.

ಅದನ್ನು ಅಲುಗಿಸಿದ ಜ್ಯೋತಿ ಹುಟ್ಟಿದ್ದು 1999ರ ಆಗಸ್ಟ್ 28ರಂದು. ತಂದೆ ಕಾವಲುಗಾರ, ತಾಯಿ ಮನೆಗೆಲಸ ಮಾಡುವವರು. ಹುಡುಗಿಯ ಎತ್ತರ ನೋಡಿ ಹರ್ಡಲ್ಸ್‌ಗೆ ಹಚ್ಚಿದ್ದು ಶಾಲೆಯ ದೈಹಿಕ ಶಿಕ್ಷಕರು. ಹೈದರಾಬಾದ್‌ನಲ್ಲಿ ಎನ್. ರಮೇಶ್, ಆಮೇಲೆ ಭುವನೇಶ್ವರದಲ್ಲಿ ಬ್ರಿಟನ್ನಿನ ಕೋಚ್ ಜೇಮ್ಸ್ ಹಿಲಿಯರ್ ಜ್ಯೋತಿಯನ್ನು ತಿದ್ದಿದರು.

2020ರ ಜನವರಿಯಲ್ಲಿ ಮೂಡುಬಿದಿರೆಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟ ನಡೆಯಿತು. ಅಲ್ಲಿ ಜ್ಯೋತಿ 13.03 ಸೆಕೆಂಡ್‌ಗಳಲ್ಲಿ ಓಡಿದರು. ಹಳೆಯ ದಾಖಲೆಗಿಂತ 0.35 ಸೆಕೆಂಡ್‌ನಷ್ಟು ವೇಗ! ಆದರೆ ಉದ್ದೀಪನ ಮದ್ದಿನ ಪರೀಕ್ಷೆ ನಡೆದಿರಲಿಲ್ಲ, ಅಥ್ಲೆಟಿಕ್ಸ್ ಫೆಡರೇಷನ್ನಿನ ತಾಂತ್ರಿಕ ಪ್ರತಿನಿಧಿಯೂ ಇರಲಿಲ್ಲ. ದಾಖಲೆ ಮಾನ್ಯವಾಗಲಿಲ್ಲ. ಓಡಿದವಳ ಕೈಯಲ್ಲಿ ಇಲ್ಲದ ಕಾರಣಕ್ಕೆ ಓಟ ಲೆಕ್ಕಕ್ಕೆ ಬಾರದೆ ಹೋದದ್ದು ನೋವಿನ ಸಂಗತಿ. 2022ರ ಏಪ್ರಿಲ್‌ನಲ್ಲಿ ಕೋಯಿಕ್ಕೋಡ್‌ನಲ್ಲಿ ಓಡಿದ 13.09ಕ್ಕೂ ಇದೇ ಗತಿಯಾಯಿತು. ಹಿಂದಿನಿಂದ ಬೀಸುವ ಗಾಳಿ ಸೆಕೆಂಡ್‌ಗೆ 2 ಮೀಟರ್ ಮೀರಬಾರದು ಎಂಬುದು ನಿಯಮ. ಅಂದು ಅದು 2.1 ಇತ್ತು.

ಮೇ ತಿಂಗಳಲ್ಲಿ ಬಾಗಿಲು ತೆರೆಯಿತು. 10ರಂದು ಸೈಪ್ರಸ್‌ನ ಲಿಮಸಾಲ್‌ನಲ್ಲಿ 13.23, 22ರಂದು ಇಂಗ್ಲೆಂಡಿನ ಲಫ್‌ಬರೋದಲ್ಲಿ 13.11, 26ರಂದು ನೆದರ್ಲೆಂಡ್ಸ್‌ನ ವುಕ್ಟ್‌ನಲ್ಲಿ 13.04. ಅಕ್ಟೋಬರ್ ಮೊದಲ ವಾರ ಗುಜರಾತಿನ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 12.79 ಓಡಿದಾಗ ಮತ್ತೆ ಗಾಳಿ ಅಡ್ಡ ಬಂತು. ಹೀಗಿರುವಾಗ ಕಂಠೀರವದ ಮಾಪಕ 0.9 ಮೀಟರ್ ತೋರಿಸಿದ್ದು ಎಷ್ಟು ದೊಡ್ಡ ನೆಮ್ಮದಿ ಎಂಬುದನ್ನು ಊಹಿಸಬಹುದು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ. ತೆಳು ಗಾಳಿಯ ನೆರವೆಂದು ಓಟದ ಸಮಯಕ್ಕೆ ಗುರುತು ಹಾಕುವುದು 1,000 ಮೀಟರ್ ದಾಟಿದ ಊರುಗಳಿಗೆ ಮಾತ್ರ. ಹಾಗಾಗಿ 12.82ರ ಮೇಲೆ ಯಾವ ಟಿಪ್ಪಣಿಯೂ ಇಲ್ಲ.

ಮುಂದಿನದು ವೇಗವಾಗಿ ಸಾಗಿತು. 2023ರ ಜುಲೈನಲ್ಲಿ ಬ್ಯಾಂಕಾಕ್‌ನಲ್ಲಿ ಏಷ್ಯನ್ ಚಾಂಪಿಯನ್ ಪಟ್ಟ, ಆಗಸ್ಟ್‌ನಲ್ಲಿ ಚೆಂಗ್ಡುವಿನ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ 12.78ರ ದಾಖಲೆಯೊಂದಿಗೆ ಕಂಚು. ಅಕ್ಟೋಬರ್ 1ರಂದು ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಪಕ್ಕದ ಲೇನ್‌ನ ಓಟಗಾರ್ತಿ ವು ಯಾನಿ ಗುಂಡಿನ ಸದ್ದಿಗೆ ಮೊದಲೇ ಹೊರಟರು. ಅಧಿಕಾರಿಗಳು ಇಬ್ಬರಿಗೂ ಕೆಂಪು ಕಾರ್ಡ್ ತೋರಿಸಿದರು. ಜ್ಯೋತಿ ಟ್ರ್ಯಾಕ್ ಬಿಟ್ಟು ಕದಲಲಿಲ್ಲ. ಮರುಪ್ರಸಾರದ ದೃಶ್ಯ ನೋಡುವಂತೆ ವಾದಿಸಿದರು. ಕೊನೆಗೆ ಇಬ್ಬರನ್ನೂ ಓಡಲು ಬಿಟ್ಟರು. ಅಷ್ಟೆಲ್ಲ ಗದ್ದಲದ ನಡುವೆಯೂ ಅವರು 12.91 ಓಡಿ ಮೂರನೆಯವರಾದರು. ಓಟದ ನಂತರ ವು ಅನರ್ಹರಾದಾಗ ಕಂಚು ಬೆಳ್ಳಿಯಾಯಿತು. ಇಡೀ ವೃತ್ತಿಜೀವನದಲ್ಲಿ ಅವರ ಗಟ್ಟಿತನ ಇಷ್ಟು ಸ್ಪಷ್ಟವಾಗಿ ಕಂಡ ಗಳಿಗೆ ಇನ್ನೊಂದಿಲ್ಲ.

2024ರ ಮೇ ತಿಂಗಳಲ್ಲಿ ಫಿನ್ಲೆಂಡಿನಲ್ಲಿ ಮತ್ತೆ 12.78 ಓಡಿದರು. ಒಲಿಂಪಿಕ್ಸ್ ಅರ್ಹತಾ ಸಮಯ 12.77. ನೂರನೇ ಒಂದು ಭಾಗದಲ್ಲಿ ತಪ್ಪಿದ್ದನ್ನು ವಿಶ್ವ ರ‍್ಯಾಂಕಿಂಗ್ ತಂದುಕೊಟ್ಟಿತು. ಪ್ಯಾರಿಸ್‌ನಲ್ಲಿ ಈ ಸ್ಪರ್ಧೆಗೆ ಇಳಿದ ಮೊದಲ ಭಾರತೀಯಳಾಗಿ ಹೀಟ್ಸ್‌ನಲ್ಲಿ 13.16, ಮರು ಅವಕಾಶದ ಸುತ್ತಿನಲ್ಲಿ 13.17 ಓಡಿ ಅಲ್ಲಿಗೇ ನಿಂತರು. 2025ರ ಮೇ 29ರಂದು ದಕ್ಷಿಣ ಕೊರಿಯಾದ ಗುಮಿಯಲ್ಲಿ 12.96ರ ಕೂಟ ದಾಖಲೆಯೊಂದಿಗೆ ಏಷ್ಯನ್ ಪಟ್ಟ ಉಳಿಸಿಕೊಂಡರು. ಆಮೇಲೆ ಮಂಡಿಯ ಎಸಿಎಲ್ ಸ್ನಾಯುಬಂಧಕ್ಕೆ ಪೆಟ್ಟಾಗಿ ಶಸ್ತ್ರಚಿಕಿತ್ಸೆ ನಡೆಯಿತು. ಆ ವರ್ಷದ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್ ಕೈತಪ್ಪಿತು.