ಕಿಂಪುರುಷ

ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯ ಸುತ್ತಿನಲ್ಲಿ, ಕನ್ನಡ ತೆಲುಗುಗಳೆರಡೂ ಒಂದೇ ಮನೆಯಲ್ಲಿ ಬಾಳುವ ಆ ಸೀಮೆಯಲ್ಲಿ, ಕೆಂಪುಮೋರೆಯದನ್ನು ಕೋತಿಯೆಂದೂ, ಮಸಿಮೋರೆಯ ಮುಸುವನನ್ನು ಕೊಂಡಮುಚ್ಚು ಎಂದೂ, ಕರಡಿಯನ್ನು ಎಲುಗುಬಂಟಿಯೆಂದೂ ಕರೆದು ಜನ ನಿಶ್ಚಿಂತರಾಗಿರುತ್ತಾರೆ. ಹೊತ್ತು ಮುಳುಗಿದ ಮೇಲೆ ಬಂಡೆಯ ನೆತ್ತಿಯಲ್ಲಿ ಏನೋ ಎರಡು ಕಾಲ ಮೇಲೆ ನಿಂತದ್ದನ್ನು ಕಂಡಾಗ ಮಾತ್ರ ಈ ಮೂರು ಹೆಸರೂ ಕೈಕೊಡುತ್ತವೆ.

ಆ ಕ್ಷಣಕ್ಕೊಪ್ಪುವ ಶಬ್ದವೊಂದು ಬಹುಕಾಲದಿಂದ ಉಂಟು: ಕಿಂಪುರುಷ. ‘ಇದೇನು, ಪುರುಷನೋ?’ ಎಂಬ ಪ್ರಶ್ನೆಯೇ ಅಲ್ಲಿ ಹೆಸರಾಗಿ ನಿಂತಿದೆ. ವಾನರ ಶಬ್ದವನ್ನೂ ‘ವಾ ನರಃ’ ಎಂದು ಬಿಡಿಸಿ ಇದೇ ಸಂಶಯವನ್ನು ಕಾಣಿಸುವವರುಂಟಾದರೂ, ಅದನ್ನು ವನದೊಡನೆ ಹೊಂದಿಸುವುದೇ ನೇರವಾದ ದಾರಿ. ಅಮರಕೋಶವನ್ನು ರಚಿಸಿದ ಅಮರಸಿಂಹನ ವೇಳೆಗೆ ಕಿಂಪುರುಷನು ಕಿನ್ನರನೊಡನೆ ಒಂದಾಗಿ, ಕುದುರೆಮೋರೆ ಧರಿಸಿ, ದೇವಯೋನಿಗಳ ಪಂಕ್ತಿಗೇರಿದ್ದನು. ಭಾಗವತದಲ್ಲಂತೂ ಹಿಮವಂತ ಹೇಮಕೂಟಗಳ ನಡುವಣ ಭೂಭಾಗವೇ ಕಿಂಪುರುಷವರ್ಷ; ಅಲ್ಲಿ ಶ್ರೀರಾಮನ ಉಪಾಸನೆಯಲ್ಲಿ ನಿರತನಾಗಿರುವವನು, ಬೇರೆ ಯಾರೂ ಅಲ್ಲ, ಹನುಮಂತ!

ಕಣ್ಣು ಮೋಸಹೋಗುವುದು ಹಳ್ಳಿಗರಿಗಷ್ಟೇ ಮೀಸಲಲ್ಲ. ಬೋಳುಗುಡ್ಡಗಳ ಮೇಲೆ ನೆಟ್ಟಗೆ ನಿಂತ ವಾನರಸಮೂಹವನ್ನು ಅಲೆಕ್ಸಾಂಡರನ ಯೋಧರು ಶತ್ರುಸೇನೆಯೆಂದು ಬಗೆದು ಯುದ್ಧಕ್ಕೆ ಅಣಿಯಾದರೆಂದೂ, ತಕ್ಷಶಿಲೆಯ ಅರಸನು ನಿಜವನ್ನು ತಿಳಿಸಬೇಕಾಯಿತೆಂದೂ ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಬರೆದಿದ್ದಾನೆ. ಜಾರ್ಜ್ ಶಾ ಎಂಬ ಆಂಗ್ಲ ಪ್ರಾಣಿಶಾಸ್ತ್ರಜ್ಞನು 1791ರಲ್ಲಿ ನಮ್ಮ ಕರಡಿಯನ್ನು ಅಮೆರಿಕದ ಸ್ಲಾತ್ ಕುಲಕ್ಕೆ ಸೇರಿಸಿ ನಾಮಕರಣ ಮಾಡಿದ; ತಪ್ಪು ತಿದ್ದಿದ ಮೇಲೂ ಇಂಗ್ಲಿಷಿನಲ್ಲಿ ಅದು ‘ಸ್ಲಾತ್ ಬೇರ್’ ಆಗಿಯೇ ಉಳಿಯಿತು. ಉದ್ದ ಕೂದಲಿನ, ಹಿಂಗಾಲಮೇಲೆ ಎದ್ದು ನಿಲ್ಲಬಲ್ಲ, ಮಣ್ಣಿನಲ್ಲಿ ಹಿಮ್ಮಡಿಯೂ ಐದು ಬೆರಳೂ ಮೂಡಿ ಬರಿಗಾಲ ಮನುಷ್ಯನದೆನಿಸುವ ಹೆಜ್ಜೆಯನ್ನು ಊರುವ ಆ ಪ್ರಾಣಿಯೇ ನಮ್ಮ ಬಯಲುಸೀಮೆಯ ಕಿಂಪುರುಷನೆಂಬುದು ನನ್ನ ಊಹೆ.

ಪರ್ವತಾರೋಹಿ ಎರಿಕ್ ಶಿಪ್ಟನ್ 1951ರಲ್ಲಿ ಹಿಮಾಲಯದಲ್ಲಿ ಛಾಯಾಚಿತ್ರ ತೆಗೆದ ಆ ಪ್ರಸಿದ್ಧ ಹೆಜ್ಜೆಯ ಒಡೆಯನಿಗೆ ನಾವಿತ್ತ ‘ಹಿಮಮಾನವ’ ಎಂಬ ಹೆಸರಿನಲ್ಲಿ ಹಳಬರ ವಿವೇಕವಿಲ್ಲ. ವಿಚಾರಣೆಗೆ ಮೊದಲೇ ಅದು ಮಾನವನೆಂದು ತೀರ್ಪಿತ್ತುಬಿಟ್ಟಿದೆ. ಹಿಮಮಾನವನವೆಂದು ಕಾಪಿಟ್ಟಿದ್ದ ಕೂದಲು, ಎಲುಬು, ಚರ್ಮ ಮೊದಲಾದವುಗಳ ಒಂಬತ್ತು ಮಾದರಿಗಳನ್ನು ವಿಜ್ಞಾನಿಗಳು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಎಂಟು ಕರಡಿಯವು, ಒಂದು ನಾಯಿಯದು. ನಮ್ಮ ಬಂಡೆಯ ಮೇಲೆ ಕಂಡದ್ದು ಬಾಲವಿಲ್ಲದ ದೊಡ್ಡ ವಾನರವೇ ಇರಬಹುದೇ ಎಂದರೆ, ಗೊರಿಲ್ಲ ಚಿಂಪಾಂಜಿಗಳ ಬಳಗಕ್ಕೆ ಸೇರಿದವುಗಳಲ್ಲಿ ಭಾರತದಲ್ಲಿರುವುದು ಹೂಲಾಕ್ ಗಿಬ್ಬನ್ ಮಾತ್ರ. ಅದರ ನೆಲೆ ಈಶಾನ್ಯದ ಕಾಡುಗಳು. ಇನ್ನು ಮುಂದೆ ಎರಡು ಕಾಲ ಮೇಲೆ ನಿಂತ ಏನನ್ನೋ ಕಂಡ ಸುದ್ದಿ ಬಂದಾಗ ನಮ್ಮ ಪತ್ರಿಕೆಯವರು ‘ಕಾಡುಮಾನವ ಪ್ರತ್ಯಕ್ಷ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕುವ ಮೊದಲು, ದಯವಿಟ್ಟು, ಕಿಂಪುರುಷ ಎಂದು ಬರೆಯಲಿ.